ಎಂಜಿನ್ ಹೆಡ್ಡಿನ ‘ಅಡ್ಡದಾರಿ’ ಮುಚ್ಚುವ ಕೆಲಸ: ದರ, ಹೊಣೆ ಮತ್ತು ತೆರಿಗೆ

ನಮ್ಮ ಕೋಲಾರ ಜಿಲ್ಲೆಯನ್ನು ಚಿನ್ನ, ರೇಷ್ಮೆ, ಹಾಲು ಹಾಗೂ ಮಾವಿನ ಹೆಸರಿನಿಂದ ಗುರುತಿಸುವುದು ಬಹುಕಾಲದ ರೂಢಿ. ಮಾಲೂರಿನ ಹೆಂಚು ಮತ್ತು ಇಟ್ಟಿಗೆ, ಶ್ರೀನಿವಾಸಪುರದ ಮಾವಿನ ಮಂಡಿ, ಹೆದ್ದಾರಿಯ ಮೇಲಿನ ಮುಳಬಾಗಿಲಿನ ಸಾರಿಗೆ ವ್ಯವಹಾರ, ಇವೆಲ್ಲ ಸದಸ್ಯರಿಗೆ ಚಿರಪರಿಚಿತ. ಇವುಗಳ ಜೊತೆಯಲ್ಲಿ ಲೋಹದ ಕೆಲಸವೂ ನಮ್ಮ ನೆಲಕ್ಕೆ ಹೊಸದಲ್ಲ. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವಾದರೂ, 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಕೆ.ಜಿ.ಎಫ್. ಘಟಕ ಭಾರೀ ಯಂತ್ರಗಳ ಪರಂಪರೆಯನ್ನು ಉಳಿಸಿಕೊಂಡು ಬಂದಿದೆ. 2013ರಲ್ಲಿ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಲೇತ್, ಮಿಲ್ಲಿಂಗ್, ವೆಲ್ಡಿಂಗ್ ಮತ್ತು ರೀಬೋರಿಂಗ್ ಕೆಲಸದ ಸಣ್ಣ ಘಟಕಗಳೂ ಬೆಳೆದಿವೆ.

ಇಂತಹ ಸಣ್ಣ ಘಟಕವೊಂದರ ಮಾಲೀಕರು ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯಲ್ಲಿ, ಲೆಕ್ಕದ ಪುಸ್ತಕಗಳೊಂದಿಗೆ ನನ್ನ ಕಚೇರಿಗೆ ಬಂದು, “ಸಾರ್, ಈ ಹದಿನೆಂಟು ಸಾವಿರವನ್ನು ಯಾವ ಖಾತೆಗೆ ಬರೆಯೋಣ?” ಎಂದು ಕೇಳಿದರು. ಬೆಂಗಳೂರಿನ ಗಿರಾಕಿಯೊಬ್ಬರು ತಮ್ಮ ಹಳೆಯ ಅಮೆರಿಕನ್ ಕಾರಿನ ವಿ-8 ಎಂಜಿನ್ನಿನ ಎರಡು ಸಿಲಿಂಡರ್ ಹೆಡ್ಡುಗಳನ್ನು ಅವರಿಗೆ ಒಪ್ಪಿಸಿದ್ದರು. ಟ್ರ್ಯಾಕಿನ ಮೇಲೆ ಮಾತ್ರ ಓಡಿಸುವ ಕಾರದು. ಹೆಡ್ಡುಗಳೊಳಗಿನ ಎಕ್ಸಾಸ್ಟ್ ಕ್ರಾಸ್‌ಓವರ್ ದಾರಿಗಳನ್ನು ಕರಗಿದ ಅಲ್ಯೂಮಿನಿಯಂನಿಂದ ತುಂಬಿ ಮುಚ್ಚಿಕೊಡಬೇಕೆಂಬುದು ಕೆಲಸ. ಜೊತೆಗೆ ರೂ. 3,500/- ಎಂದು ಬಾಯಿಮಾತಿನ ಒಪ್ಪಂದವಾಗಿತ್ತು. ಒಂದು ಹೆಡ್ಡು ಬಿರುಕು ಬಿಟ್ಟಿತು. “ನಾನು ಕೊಟ್ಟಾಗ ಚೆನ್ನಾಗಿತ್ತು” ಎಂದು ಗಿರಾಕಿ, “ಬಿರುಕು ಮೊದಲೇ ಇತ್ತು” ಎಂದು ಇವರು. ಕಾಗದ ಯಾರ ಬಳಿಯೂ ಇರಲಿಲ್ಲ. ಕಡೆಗೆ ಬೇರೊಂದು ಹೆಡ್ಡು ತರಿಸಿಕೊಡಲು ಇವರ ಕೈಯಿಂದ ರೂ. 18,000/- ಹೋಯಿತು.

ಪ್ರಶ್ನೆ ಖಾತೆಯದಾಗಿ ಕಂಡರೂ, ಅದರ ಹಿಂದೆ ದರ ನಿಗದಿಯ, ಕರಾರಿನ ಹಾಗೂ ತೆರಿಗೆಯ ಹಲವು ಪಾಠಗಳು ಅಡಗಿದ್ದವು. ಈ ಕೆಲಸ ವಿರಳವಾದುದು ನಿಜ. ಆದರೆ ಪರರ ಬೆಲೆಬಾಳುವ ವಸ್ತುವಿನ ಮೇಲೆ ಕೆಲಸ ಮಾಡಿಕೊಡುವ ಪ್ರತಿಯೊಬ್ಬ ಉದ್ಯಮಿಗೂ ಇದರ ಲೆಕ್ಕಾಚಾರ ಅನ್ವಯಿಸುತ್ತದೆ. ಆದ್ದರಿಂದ ಇದನ್ನೇ ಮಾದರಿಯಾಗಿಟ್ಟುಕೊಂಡು ವಿಷಯವನ್ನು ಕ್ರಮವಾಗಿ ಪರಿಶೀಲಿಸೋಣ.

1. ಕ್ರಾಸ್‌ಓವರ್ ದಾರಿ ಎಂದರೇನು?

ದರ ಹೇಳುವ ಮೊದಲು ಕೆಲಸವನ್ನು ತಿಳಿದಿರಬೇಕು. ವಿ-8 ಎಂಜಿನ್ನಿನಲ್ಲಿ ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿ, ‘ವಿ’ ಅಕ್ಷರದ ಎರಡು ತೋಳುಗಳಂತೆ ನಿಂತಿರುತ್ತವೆ. ಪ್ರತಿ ಸಾಲಿಗೂ ಒಂದೊಂದು ಹೆಡ್ಡು. ಎರಡು ಸಾಲುಗಳ ನಡುವಣ ತಗ್ಗಿನಲ್ಲಿ ಇಂಟೇಕ್ ಮ್ಯಾನಿಫೋಲ್ಡ್, ಅದರ ಮೇಲೆ ಕಾರ್ಬ್ಯುರೇಟರ್. ಚಳಿಯಲ್ಲಿ ಎಂಜಿನ್ ಚಾಲೂ ಆದಾಗ ಪೆಟ್ರೋಲು ಸರಿಯಾಗಿ ಆವಿಯಾಗದೆ ಮ್ಯಾನಿಫೋಲ್ಡಿನ ಗೋಡೆಗಳಿಗೆ ಹನಿಯಾಗಿ ಅಂಟಿಕೊಳ್ಳುತ್ತದೆ, ಎಂಜಿನ್ ತಡವರಿಸುತ್ತದೆ. ಇದನ್ನು ತಪ್ಪಿಸಲು ತಯಾರಕರು ಒಂದು ಉಪಾಯವನ್ನು ಮಾಡಿದ್ದರು. ಹೆಡ್ಡಿನ ಮಧ್ಯಭಾಗದ ಎಕ್ಸಾಸ್ಟ್ ಪೋರ್ಟುಗಳಿಂದ ಒಂದು ಕವಲು ದಾರಿ ತೆಗೆದು, ಬಿಸಿ ಹೊಗೆಯ ಒಂದಂಶ ಕಾರ್ಬ್ಯುರೇಟರಿನ ಕೆಳಗೆ ಹಾದು ಎದುರು ಹೆಡ್ಡಿಗೆ ದಾಟುವಂತೆ ಎರಕದಲ್ಲಿಯೇ ಏರ್ಪಡಿಸಿದ್ದರು. 1955ರಲ್ಲಿ ಬಂದ ಷೆವರ್ಲೆಯ ಪ್ರಸಿದ್ಧ ‘ಸ್ಮಾಲ್ ಬ್ಲಾಕ್’ ವಿ-8 ಎಂಜಿನ್ನಿನ ಹೆಡ್ಡುಗಳು ಇದಕ್ಕೆ ಉತ್ತಮ ಉದಾಹರಣೆ. ಹೊಗೆ ಅಡ್ಡಲಾಗಿ ದಾಟುವುದರಿಂದ ಕ್ರಾಸ್‌ಓವರ್ ಎಂಬ ಹೆಸರು. ಕನ್ನಡದಲ್ಲಿ ‘ಅಡ್ಡದಾರಿ’ ಎಂದರೆ ಬೇರೆಯೇ ಅರ್ಥ ಬರುವುದಾದರೂ, ಇಲ್ಲಿ ಆ ದಾರಿ ತಯಾರಕರೇ ಹಾಕಿಕೊಟ್ಟ ಸನ್ಮಾರ್ಗವೆಂದು ತಿಳಿಯತಕ್ಕದ್ದು.

ನಮ್ಮ ದೇಶದ ಹಳೆಯ ಕಾರುಗಳಲ್ಲಿಯೂ ಇದೇ ತತ್ತ್ವವಿತ್ತು. ಅಂಬಾಸಿಡರ್ ಕಾರಿನ ಬಿ.ಎಂ.ಸಿ. ಎಂಜಿನ್ನಿನಲ್ಲಿ ಸಿಲಿಂಡರುಗಳು ಒಂದೇ ಸಾಲಿನಲ್ಲಿದ್ದು, ಇಂಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು ಹೆಡ್ಡಿನ ಒಂದೇ ಪಕ್ಕದಲ್ಲಿ ಜೋಡಿಸಲ್ಪಟ್ಟಿದ್ದವು. ಎಕ್ಸಾಸ್ಟಿನ ಶಾಖವೇ ಇಂಟೇಕನ್ನು ಬೆಚ್ಚಗಿಡುತ್ತಿತ್ತು. ಅಲ್ಲಿ ಹೆಡ್ಡಿನೊಳಗೆ ಅಡ್ಡದಾರಿಯ ಅಗತ್ಯವಿರಲಿಲ್ಲ. ಆದ್ದರಿಂದ ನಾವು ಚರ್ಚಿಸುತ್ತಿರುವ ಕೆಲಸ ಹೆಚ್ಚಾಗಿ ಹಳೆಯ ವಿ-8 ಎಂಜಿನ್ನುಗಳಿಗೆ ಸೇರಿದ್ದು.

2. ಸ್ಪರ್ಧೆಯವರು ಇದನ್ನು ಮುಚ್ಚುವುದೇಕೆ?

ದಿನನಿತ್ಯದ ಓಡಾಟಕ್ಕೆ ಉಪಕಾರಿಯಾದ ಶಾಖ ಸ್ಪರ್ಧೆಯಲ್ಲಿ ಅಪಕಾರಿ. ಗಾಳಿ ಬಿಸಿಯಾದಷ್ಟೂ ಹಿಗ್ಗುತ್ತದೆ. ಅದೇ ಗಾತ್ರದ ಸಿಲಿಂಡರಿನಲ್ಲಿ ಕಡಿಮೆ ತೂಕದ ಗಾಳಿ ಹಿಡಿಯುತ್ತದೆ. ಒತ್ತಡ ಒಂದೇ ಇದ್ದಲ್ಲಿ ಗಾಳಿಯ ಸಾಂದ್ರತೆ ಅದರ ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುತ್ತದೆ. 27 ಡಿಗ್ರಿ ಸೆಲ್ಸಿಯಸ್ ಎಂದರೆ 300 ಕೆಲ್ವಿನ್. 57 ಡಿಗ್ರಿ ಎಂದರೆ 330 ಕೆಲ್ವಿನ್. 300ನ್ನು 330ರಿಂದ ಭಾಗಿಸಿದರೆ 0.91, ಅಂದರೆ ಗಾಳಿ 30 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಶೇ. 9ರಷ್ಟು ತೂಕ ಕಡಿಮೆಯಾಗುತ್ತದೆ. ಗಾಳಿ ಮ್ಯಾನಿಫೋಲ್ಡಿನಲ್ಲಿ ಕ್ಷಣಮಾತ್ರ ಇರುವುದರಿಂದ ಎಂಜಿನ್ನಿಗೆ ದೊರೆಯುವ ಲಾಭ ಈ ಲೆಕ್ಕದಷ್ಟು ಇರುವುದಿಲ್ಲ. ಆದರೂ ಸೆಕೆಂಡಿನ ಭಿನ್ನಾಂಶಗಳಲ್ಲಿ ಸೋಲುಗೆಲುವು ತೀರ್ಮಾನವಾಗುವ ಕಡೆ ಅದು ಅಲ್ಪವಲ್ಲ. ಎರಡನೆಯದಾಗಿ, ಎಕ್ಸಾಸ್ಟ್ ಪೋರ್ಟಿನ ಗೋಡೆಯಲ್ಲಿ ಇಂತಹದೊಂದು ಕಿಂಡಿ ಇದ್ದರೆ ಹೊಗೆಯ ಹರಿವು ಅಲ್ಲಿ ಸುಳಿಗೆ ಸಿಲುಕುತ್ತದೆ.

ಮುಚ್ಚುವ ಸರಳ ವಿಧಾನ, ಮ್ಯಾನಿಫೋಲ್ಡ್ ಮತ್ತು ಹೆಡ್ಡಿನ ನಡುವೆ ಸ್ಟೇನ್‌ಲೆಸ್ ಸ್ಟೀಲ್ ತಗಡು ಅಥವಾ ರಂಧ್ರವಿಲ್ಲದ ಗ್ಯಾಸ್ಕೆಟ್ ಇಡುವುದು. ಖರ್ಚು ಕಡಿಮೆ, ಬೇಡವಾದರೆ ತೆಗೆಯಬಹುದು. ಆದರೆ ತಗಡಿನವರೆಗೆ ಬಿಸಿ ಹೊಗೆ ಬಂದು ನಿಂತೇ ಇರುತ್ತದೆ. ಪೋರ್ಟಿನ ಕಿಂಡಿಯೂ ಹಾಗೆಯೇ ಉಳಿಯುತ್ತದೆ. ದಾರಿಯನ್ನು ಲೋಹದಿಂದ ತುಂಬಿದರೆ ಇವೆರಡೂ ನಿವಾರಣೆಯಾಗುತ್ತವೆ. ಅಡ್ಡದಾರಿಯೇ ಇಲ್ಲದ ಅಲ್ಯೂಮಿನಿಯಂ ರೇಸಿಂಗ್ ಹೆಡ್ಡುಗಳು ವಿದೇಶಗಳಲ್ಲಿ ದೊರೆಯುತ್ತವೆ. ಆದರೆ ಕೆಲವು ಸ್ಪರ್ಧಾ ವರ್ಗಗಳಲ್ಲಿ ಮೂಲ ಎರಕದ ಹೆಡ್ಡೇ ಇರಬೇಕೆಂಬ ನಿಯಮವಿರುವುದರಿಂದ ತುಂಬುವ ಕೆಲಸಕ್ಕೆ ಇಂದಿಗೂ ಗಿರಾಕಿಗಳಿದ್ದಾರೆ. ತುಂಬುವುದಕ್ಕೂ ಅನುಮತಿ ಇದೆಯೇ ಎಂಬುದನ್ನು ಆಯಾ ವರ್ಗದ ನಿಯಮ ಪುಸ್ತಕದಲ್ಲಿ ನೋಡುವ ಹೊಣೆ ಗಿರಾಕಿಯದು. ಈ ಮಾತನ್ನು ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು.

3. ಕೆಲಸದ ಹಂತಗಳು

ನಾನು ಎಂಜಿನಿಯರನಲ್ಲ. ಆದರೆ ವೆಚ್ಚದ ಲೆಕ್ಕ ಬರೆಯುವವನು ಕೆಲಸದ ಪ್ರತಿ ಹಂತವನ್ನೂ ಅರಿತಿರದಿದ್ದರೆ ಅವನ ಲೆಕ್ಕ ಊಹೆಯಾಗಿಬಿಡುತ್ತದೆ. ಹಂತಗಳು ಸ್ಥೂಲವಾಗಿ ಹೀಗಿವೆ:

(ಅ) ಹೆಡ್ಡನ್ನು ಪೂರ್ತಿ ಬಿಚ್ಚಿ, ವಾಲ್ವು, ಸ್ಪ್ರಿಂಗುಗಳನ್ನು ತೆಗೆದು ಗಿರಾಕಿಯ ಹೆಸರಿನ ಚೀಟಿಯೊಂದಿಗೆ ಬೇರೆ ಇಡುವುದು.

(ಆ) ನೀರಿನ ಜಾಕೆಟ್ಟಿಗೆ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸುವುದು. ಬಣ್ಣದ ದ್ರಾವಣ ಅಥವಾ ಕಾಂತೀಯ ಪುಡಿಯಿಂದ ಬಿರುಕು ಹುಡುಕುವುದು. ಫಲಿತಾಂಶವನ್ನು ಗಿರಾಕಿಯ ಸಹಿಯೊಂದಿಗೆ ದಾಖಲಿಸುವುದು.

(ಇ) ದಾರಿಯೊಳಗಿನ ಇಂಗಾಲ, ಎಣ್ಣೆ, ತುಕ್ಕುಗಳನ್ನು ಸಂಪೂರ್ಣವಾಗಿ ತೆಗೆದು ಒಣಗಿಸುವುದು.

(ಈ) ಎಕ್ಸಾಸ್ಟ್ ಪೋರ್ಟಿನ ಕಡೆಯಿಂದ ಒಣ ಮರಳಿನ ಅಚ್ಚನ್ನು ಬಿಗಿಯಾಗಿ ತುಂಬಿ, ಕರಗಿದ ಲೋಹ ಪೋರ್ಟಿಗೆ ಹರಿಯದಂತೆ ತಡೆಯುವುದು. ಇಂಟೇಕ್ ಮುಖ ಮೇಲಾಗುವಂತೆ ಹೆಡ್ಡನ್ನು ಕೂರಿಸುವುದು.

(ಉ) ಇಡೀ ಹೆಡ್ಡನ್ನು ಒಲೆಯಲ್ಲಿ ನಿಧಾನವಾಗಿ, ಎಲ್ಲ ಕಡೆ ಸಮನಾಗಿ ಬಿಸಿ ಮಾಡುವುದು. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ತಣ್ಣನೆಯ ಹೆಡ್ಡಿಗೆ ಸುರಿದರೆ ಲೋಹ ಅರ್ಧದಲ್ಲೇ ಗಟ್ಟಿಯಾಗುವುದಲ್ಲದೆ ಬೀಡು ಕಬ್ಬಿಣ ಬಿರುಕು ಬಿಡುವ ಭಯವಿದೆ.

(ಊ) ಮೂಸೆಯಿಂದ ಒಂದೇ ಧಾರೆಯಾಗಿ ಸುರಿಯುವುದು. ಗಟ್ಟಿಯಾಗುವಾಗ ಅಲ್ಯೂಮಿನಿಯಂ ಕುಗ್ಗುವುದರಿಂದ ಮೇಲೆ ಸ್ವಲ್ಪ ಹೆಚ್ಚುವರಿ ಲೋಹ ನಿಲ್ಲಿಸಿರಬೇಕು.

(ಋ) ಹೊದಿಕೆಯ ಕೆಳಗೆ ತಾನಾಗಿಯೇ ನಿಧಾನವಾಗಿ ಆರಲು ಬಿಡುವುದು. ನಂತರ ಪೋರ್ಟನ್ನು ಉಜ್ಜಿ ನಯಗೊಳಿಸುವುದು, ಮುಖವನ್ನು ಫೇಸಿಂಗ್ ಮಾಡುವುದು, ಮತ್ತೊಮ್ಮೆ ಒತ್ತಡ ಪರೀಕ್ಷೆ ಮಾಡುವುದು. ವಾಲ್ವ್ ಸೀಟಿನ ಕೆಲಸ ಇದೆಲ್ಲದರ ನಂತರ.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ಕಾರ್ಮಿಕರ ಸುರಕ್ಷತೆ. ಕರಗಿದ ಲೋಹದ ಕೆಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಕ್ಷಣಾರ್ಧದಲ್ಲಿ ಹಬೆಯಾಗಿ, ಲೋಹವನ್ನು ಸುರಿಯುವವನ ಮುಖಕ್ಕೆ ಸಿಡಿಸುತ್ತದೆ. ಮುಖಕವಚ, ಚರ್ಮದ ಕೈಗವಸು ಮತ್ತು ಏಪ್ರನ್ನುಗಳನ್ನು ಕೆಲಸದ ವೆಚ್ಚಕ್ಕೇ ಸೇರಿಸತಕ್ಕದ್ದು. ಎರಡನೆಯದು, ಅಲ್ಯೂಮಿನಿಯಂ ಬೀಡು ಕಬ್ಬಿಣದೊಂದಿಗೆ ಬೆರೆತು ಒಂದಾಗುವುದಿಲ್ಲ. ದಾರಿಯ ಅಂಕುಡೊಂಕಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ ಅಷ್ಟೆ. ಬಿಸಿಯಾದಾಗ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ತುಂಬಿದ ಲೋಹ ಕಾಲಾನುಕ್ರಮದಲ್ಲಿ ಸಡಿಲವಾಗುವ ಸಾಧ್ಯತೆಯನ್ನು ಗಿರಾಕಿಗೆ ಮುಂಚಿತವಾಗಿ ಹೇಳಬೇಕು. ಇಷ್ಟು ತಿಳಿದ ಮೇಲೆ ಶಾಶ್ವತ ಗ್ಯಾರಂಟಿ ಕೊಡುವುದು ವಿವೇಕವಲ್ಲ.

4. ದರ ನಿಗದಿ: ಲೋಹದ ತೂಕವೇ ಅಳತೆಯಲ್ಲ

ನಮ್ಮ ಮಾಲೀಕರು ಮಾಡಿದ ಮೊದಲ ತಪ್ಪು, ಎರಕದ ಮನೆಯ ರೂಢಿಯಂತೆ ಲೋಹದ ತೂಕವನ್ನು ನೋಡಿ ದರ ಹೇಳಿದ್ದು. ದಾರಿಯ ಗಾತ್ರವನ್ನು ನೀರು ತುಂಬಿ ಅಳೆಯಬಹುದು (ಅಳೆದ ನಂತರ ಪೂರ್ತಿ ಒಣಗಿಸಬೇಕೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ). ಒಂದು ಹೆಡ್ಡಿನ ದಾರಿ 80 ಮಿಲಿಲೀಟರ್ ನೀರು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ಆದ್ದರಿಂದ 216 ಗ್ರಾಂ. ಎರಡು ಹೆಡ್ಡಿಗೆ 432 ಗ್ರಾಂ. ಮೇಲೆ ನಿಲ್ಲುವ ಹೆಚ್ಚುವರಿ ಮತ್ತು ಕರಗಿಸುವಾಗಿನ ನಷ್ಟ ಸೇರಿ ಒಂದು ಕಿಲೋ ಎಂದು ಹಿಡಿದರೂ ಲೋಹದ ಬೆಲೆ ಕೆಲವು ನೂರು ರೂಪಾಯಿ ಮಾತ್ರ. ಪೂರ್ಣ ವೆಚ್ಚದ ಪಟ್ಟಿಯನ್ನು ಈ ಕೆಳಗೆ ಕೊಟ್ಟಿದೆ. ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಸದಸ್ಯರು ತಮ್ಮ ತಮ್ಮ ಘಟಕದ ಅಂಕಿಗಳನ್ನು ಹಾಕಿಕೊಳ್ಳಬೇಕು.

ಲೋಹ, 1 ಕಿಲೋ: ರೂ. 250
ಬಿಸಿ ಮಾಡಲು ಮತ್ತು ಕರಗಿಸಲು ಇಂಧನ: ರೂ. 600
ಸ್ವಚ್ಛತೆ, ಮರಳು, ಅಚ್ಚು, ಸುರಕ್ಷಾ ಸಾಮಗ್ರಿ: ರೂ. 450
ಕೂಲಿ, 12 ಗಂಟೆ, ಗಂಟೆಗೆ ರೂ. 150ರಂತೆ: ರೂ. 1,800
ಒತ್ತಡ ಪರೀಕ್ಷೆ, ಎರಡು ಹೆಡ್ಡಿಗೆ ಎರಡೆರಡು ಬಾರಿ, ರೂ. 400ರಂತೆ: ರೂ. 1,600
ಫೇಸಿಂಗ್, ಎರಡು ಹೆಡ್ಡು, ರೂ. 700ರಂತೆ: ರೂ. 1,400
ಬಾಡಿಗೆ, ವಿದ್ಯುತ್, ಸವಕಳಿ ಮುಂತಾದ ಮೇಲ್ವೆಚ್ಚ, 12 ಗಂಟೆ, ರೂ. 75ರಂತೆ: ರೂ. 900
ಒಟ್ಟು ನೇರ ಹಾಗೂ ಮೇಲ್ವೆಚ್ಚ: ರೂ. 7,000

ಇಲ್ಲಿಗೆ ಪಟ್ಟಿ ಮುಗಿಯಿತೆಂದು ಭಾವಿಸುವುದು ಎರಡನೆಯ ತಪ್ಪು. ಎಷ್ಟೇ ಎಚ್ಚರಿಕೆಯಿಂದ ಮಾಡಿದರೂ ಹತ್ತು ಜೊತೆಗಳಲ್ಲಿ ಒಂದು ಹೆಡ್ಡು ಕೆಡಬಹುದು, ಬದಲಿ ಹೆಡ್ಡಿನ ಬೆಲೆ ರೂ. 20,000 ಎಂದಿಟ್ಟುಕೊಂಡರೆ, ಪ್ರತಿ ಜೊತೆಯ ಮೇಲೆ ರೂ. 2,000ದಷ್ಟು ಅಪಾಯದ ಪಾಲು ಬೀಳುತ್ತದೆ. ಸೇರಿಸಿದರೆ ರೂ. 9,000. ಅದರ ಮೇಲೆ ಶೇ. 20ರ ಲಾಭ ರೂ. 1,800. ತೆರಿಗೆಗೆ ಮುಂಚಿನ ದರ ರೂ. 10,800. ಈ ಮೊತ್ತದಲ್ಲಿ ಲೋಹದ ಪಾಲು ಶೇ. 2.3 ಮಾತ್ರ, ಅಪಾಯದ ಪಾಲು ಲೋಹದ ಎಂಟು ಪಟ್ಟು!

ನಮ್ಮ ಮಾಲೀಕರ ಲೆಕ್ಕವನ್ನು ಇದರೊಂದಿಗೆ ಹೋಲಿಸಿ ನೋಡಿರಿ. ಅವರು ಪರೀಕ್ಷೆಗಳನ್ನು ಮಾಡಿಸಿರಲಿಲ್ಲ, ತಮ್ಮ ಸ್ವಂತ ದುಡಿಮೆಗೆ ಕೂಲಿ ಹಾಕಿಕೊಂಡಿರಲಿಲ್ಲ. ಆದ್ದರಿಂದ ರೂ. 3,500ರಲ್ಲಿ ರೂ. 800 ಉಳಿಯುತ್ತದೆಂದು ನಂಬಿದ್ದರು. ಒಂದು ಹೆಡ್ಡಿನ ನಷ್ಟ ರೂ. 18,000ವನ್ನು ತುಂಬಿಕೊಳ್ಳಲು ಅಂತಹ ಇಪ್ಪತ್ತೆರಡೂವರೆ ಕೆಲಸಗಳು ಬೇಕು. ವರ್ಷಕ್ಕೆ ಅಷ್ಟು ಕೆಲಸ ಅವರಿಗೆ ಬರುತ್ತಿರಲಿಲ್ಲ. “ದರ ಹೆಚ್ಚು ಹೇಳಿದರೆ ಗಿರಾಕಿ ಹೊಸೂರಿಗೋ ಬೆಂಗಳೂರಿಗೋ ಹೋಗುತ್ತಾನೆ” ಎಂಬುದು ಸಾಮಾನ್ಯ ವಾದ. ನಷ್ಟದ ಕೆಲಸ ಇನ್ನೊಬ್ಬರ ಬಾಗಿಲಿಗೆ ಹೋದರೆ ಹೋದದ್ದು ನಷ್ಟವೇ ಹೊರತು ಲಾಭವಲ್ಲ ಎಂಬುದು ಅದಕ್ಕೆ ನನ್ನ ಉತ್ತರ. ಬೆಲೆ ಭಾರವೆನಿಸಿದ ಗಿರಾಕಿಗೆ ಸ್ಟೀಲ್ ತಗಡಿನ ಸರಳ ಉಪಾಯವನ್ನು ಹೇಳಿ ಕಳುಹಿಸುವುದೇ ಮೇಲು, ವಿಶ್ವಾಸ ಉಳಿಯುತ್ತದೆ.

5. ಒಪ್ಪಿಸಿಕೊಂಡ ವಸ್ತುವಿನ ಹೊಣೆ

ಗಿರಾಕಿಯ ಹೆಡ್ಡು ನಮ್ಮ ಮೇಜಿನ ಮೇಲೆ ಬಂದ ಕ್ಷಣದಿಂದ 1872ರ ಭಾರತೀಯ ಕರಾರು ಅಧಿನಿಯಮದ ಬೇಲ್‌ಮೆಂಟ್ ನಿಯಮಗಳು ಅನ್ವಯಿಸುತ್ತವೆ. ಉದ್ದೇಶವೊಂದಕ್ಕಾಗಿ ವಸ್ತುವನ್ನು ಒಪ್ಪಿಸಿ, ಉದ್ದೇಶ ಮುಗಿದ ನಂತರ ಹಿಂದಿರುಗಿಸಬೇಕೆಂಬ ಕರಾರಿಗೆ ಬೇಲ್‌ಮೆಂಟ್ ಎಂದು ಹೆಸರು. ನಮಗೆ ಮುಖ್ಯವಾದ ಕಲಮುಗಳು ಐದು.

ಕಲಂ 150: ವಸ್ತುವಿನಲ್ಲಿ ತನಗೆ ತಿಳಿದ ದೋಷವಿದ್ದರೆ ಒಪ್ಪಿಸುವವನು ಅದನ್ನು ತಿಳಿಸಬೇಕು. ಹೆಡ್ಡು ಹಿಂದೆ ವೆಲ್ಡ್ ಆಗಿತ್ತೇ, ಎಂಜಿನ್ ಒಮ್ಮೆ ಅತಿಯಾಗಿ ಕಾದಿತ್ತೇ ಎಂದು ಕೇಳಿ ಬರೆದುಕೊಳ್ಳಿರಿ.

ಕಲಂ 151: ಸಾಮಾನ್ಯ ವಿವೇಕಿಯೊಬ್ಬನು ತನ್ನ ಸ್ವಂತ ವಸ್ತುವಿನ ವಿಷಯದಲ್ಲಿ ವಹಿಸುವಷ್ಟು ಎಚ್ಚರಿಕೆಯನ್ನು ಒಪ್ಪಿಸಿಕೊಂಡವನು ವಹಿಸಬೇಕು.

ಕಲಂ 152: ಅಷ್ಟು ಎಚ್ಚರಿಕೆ ವಹಿಸಿದ್ದರೆ, ಬೇರೆ ವಿಶೇಷ ಕರಾರು ಇಲ್ಲದಿದ್ದಲ್ಲಿ, ನಷ್ಟಕ್ಕೆ ಅವನು ಹೊಣೆಯಲ್ಲ. ಆದರೆ ಎಚ್ಚರಿಕೆ ವಹಿಸಿದ್ದಕ್ಕೆ ಪುರಾವೆ ಬೇಕಲ್ಲವೇ? ಮೊದಲ ಒತ್ತಡ ಪರೀಕ್ಷೆಯ ವರದಿಯೇ ಆ ಪುರಾವೆ. ರೂ. 400ರ ಆ ಪರೀಕ್ಷೆ ನಮ್ಮ ಮಾಲೀಕರ ರೂ. 18,000ವನ್ನು ಉಳಿಸಬಹುದಿತ್ತು.

ಕಲಂ 161: ಒಪ್ಪಿದ ಕಾಲಕ್ಕೆ ತನ್ನ ತಪ್ಪಿನಿಂದ ಹಿಂದಿರುಗಿಸದಿದ್ದರೆ, ಅಂದಿನಿಂದ ಆಗುವ ನಷ್ಟಕ್ಕೆ ಒಪ್ಪಿಸಿಕೊಂಡವನೇ ಹೊಣೆ. ಸ್ಪರ್ಧೆಯ ದಿನಾಂಕ ಹತ್ತಿರವಿದೆ ಎಂದು ಅವಸರದ ಮಾತು ಕೊಡುವವರು ಇದನ್ನು ನೆನಪಿಡಬೇಕು.

ಕಲಂ 170: ಶ್ರಮ ಅಥವಾ ಕೌಶಲದ ಕೆಲಸ ಮಾಡಿಕೊಟ್ಟವನು ಆ ಕೆಲಸದ ಕೂಲಿ ಬರುವವರೆಗೂ ಆ ವಸ್ತುವನ್ನು ತಡೆಹಿಡಿಯಬಹುದು. ಈ ಹಕ್ಕು ಅದೇ ಕೆಲಸದ ಹಣಕ್ಕೆ ಮಾತ್ರ. ಹಳೆಯ ಬಾಕಿಗಾಗಿ ಹೊಸ ಹೆಡ್ಡನ್ನು ತಡೆಹಿಡಿಯುವಂತಿಲ್ಲ.

ಸಂಸ್ಥೆಗಳಿಂದ ಬರಬೇಕಾದ ಹಣ ತಡವಾದರೆ, ಉದ್ಯಮ್ ನೋಂದಣಿ ಪಡೆದ ಕಿರು ಮತ್ತು ಸಣ್ಣ ಘಟಕಗಳಿಗೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಅಧಿನಿಯಮದ ರಕ್ಷಣೆಯಿದೆ. ಬರಹದ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

6. ರಸ್ತೆಯ ವಾಹನಕ್ಕೆ ಈ ಕೆಲಸ ಸಲ್ಲದು

ಮೋಟಾರು ವಾಹನ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿನ್ಯಾಸಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿದ ಕಲಂ 182ಎ ಪ್ರಕಾರ, ನಿಯಮಬಾಹಿರವಾಗಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡೂ ಆಗಬಹುದು. ಅಡ್ಡದಾರಿ ಮುಚ್ಚಿದ ಎಂಜಿನ್ ತಣ್ಣಗಿರುವಾಗ ಇಂಧನ ಸರಿಯಾಗಿ ಉರಿಯದೆ ಹೊಗೆಯ ಮಾಲಿನ್ಯ ಹೆಚ್ಚುತ್ತದೆ. ಪ್ರತಿನಿತ್ಯ ಓಡಿಸುವವರಿಗೆ ಇದರಿಂದ ಉಪಯೋಗವೂ ಇಲ್ಲ.

ಆದ್ದರಿಂದ “ಈ ಹೆಡ್ಡನ್ನು ಮುಚ್ಚಿದ ಆವರಣದ ಟ್ರ್ಯಾಕಿನಲ್ಲಿ ಸ್ಪರ್ಧೆಗಾಗಿ ಮಾತ್ರ ಬಳಸಲಾಗುವುದು” ಎಂಬ ಗಿರಾಕಿಯ ಲಿಖಿತ ಘೋಷಣೆ ಇಲ್ಲದೆ ಕೆಲಸ ಹಿಡಿಯಬೇಡಿರಿ. ಕ್ರೀಡೆಯ ಆಸಕ್ತಿ ನಮ್ಮ ಭಾಗಕ್ಕೂ ಬಂದಿದೆ. 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಸಿ. ಎಸ್. ಸಂತೋಷ್ ಅವರು ಮೋಟಾರ್‌ಸೈಕಲ್ ತರಬೇತಿಗಾಗಿ ಸ್ಥಾಪಿಸಿದ ಬಿಗ್ ರಾಕ್ ಡರ್ಟ್‌ಪಾರ್ಕ್ ಇರುವುದು ಕೋಲಾರದ ಬಳಿಯಲ್ಲಿಯೇ. ಕಾರು ಸ್ಪರ್ಧೆಗಳ ಟ್ರ್ಯಾಕುಗಳಿರುವ ಚೆನ್ನೈ ಮತ್ತು ಕೊಯಮತ್ತೂರು ದೂರವಲ್ಲ. ಇಂತಹ ಕೆಲಸಗಳು ನಮ್ಮ ಘಟಕಗಳಿಗೆ ಹೆಚ್ಚಾಗಿ ಬರುವ ಸಂಭವವಿದೆ, ಬಂದಾಗ ಸಿದ್ಧರಾಗಿರಬೇಕು.

7. ಜಿ.ಎಸ್.ಟಿ.

ಪರರ ವಸ್ತುವಿನ ಮೇಲೆ ಮಾಡುವ ಯಾವುದೇ ಸಂಸ್ಕರಣೆ, ಕೇಂದ್ರ ಜಿ.ಎಸ್.ಟಿ. ಅಧಿನಿಯಮ, 2017ರ ಎರಡನೆಯ ಅನುಸೂಚಿಯಂತೆ, ಸೇವೆಯ ಪೂರೈಕೆ. ನಾವು ಕಿಲೋಗಟ್ಟಲೆ ಲೋಹ ಸುರಿದರೂ ಅದು ಲೋಹದ ಮಾರಾಟವಲ್ಲ. ಗಿರಾಕಿ ನೋಂದಾಯಿತ ವ್ಯಾಪಾರಿಯಾಗಿದ್ದರೆ ಮಾತ್ರ ಅದಕ್ಕೆ ಕಾನೂನಿನ ಅರ್ಥದಲ್ಲಿ ‘ಜಾಬ್ ವರ್ಕ್’ ಎಂಬ ಹೆಸರು. ಹವ್ಯಾಸಿ ಗಿರಾಕಿಯ ಹೆಡ್ಡಾದರೆ ಸಾಮಾನ್ಯ ಸೇವೆ. ಮೊದಲು ಇವೆರಡಕ್ಕೂ ದರ ವ್ಯತ್ಯಾಸವಿತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಉಳಿಕೆ ಜಾಬ್ ವರ್ಕ್ ವರ್ಗವೂ ಶೇ. 18ಕ್ಕೆ ಸೇರಿದ್ದರಿಂದ ನಮ್ಮ ಕೆಲಸಕ್ಕೆ ಎರಡೂ ಕಡೆ ಶೇ. 18. ಮೇಲಿನ ಉದಾಹರಣೆಯಲ್ಲಿ ರೂ. 10,800ಕ್ಕೆ ತೆರಿಗೆ ರೂ. 1,944, ಬಿಲ್ಲಿನ ಮೊತ್ತ ರೂ. 12,744.

ಸೇವೆ ಒದಗಿಸುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿಯ ಮಿತಿ ವಾರ್ಷಿಕ ರೂ. 20 ಲಕ್ಷ. ಸರಕು ಮಾತ್ರ ಮಾರುವವರಿಗಿರುವ ರೂ. 40 ಲಕ್ಷದ ಮಿತಿ ತಮಗೂ ಅನ್ವಯಿಸುತ್ತದೆಂದು ಅನೇಕ ಘಟಕಗಳವರು ತಪ್ಪಾಗಿ ತಿಳಿದಿದ್ದಾರೆ. ವಹಿವಾಟು ರೂ. 50 ಲಕ್ಷದೊಳಗಿನ ಸೇವಾದಾರರು ಶೇ. 6ರ ಸಂಯೋಜಿತ ತೆರಿಗೆಯನ್ನು ಆಯ್ದುಕೊಳ್ಳಬಹುದು. ಆದರೆ ಆಗ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಹೊರರಾಜ್ಯಕ್ಕೆ ಪೂರೈಕೆ ಮಾಡುವಂತಿಲ್ಲ. ಮಾಲೂರಿನಿಂದ ಹೊಸೂರು, ಮುಳಬಾಗಿಲಿನಿಂದ ಆಂಧ್ರದ ಗಡಿ ಸಮೀಪವೇ ಇರುವುದರಿಂದ ನಮ್ಮ ಸದಸ್ಯರು ಈ ಷರತ್ತನ್ನು ಎರಡು ಬಾರಿ ಓದಬೇಕು.

ನೋಂದಾಯಿತ ಗಿರಾಕಿ ತನ್ನ ಮಾಲನ್ನು ಡೆಲಿವರಿ ಚಲನ್ ಮೂಲಕ ತೆರಿಗೆ ಕಟ್ಟದೆ ಕಳುಹಿಸಬಹುದು. ಕಲಂ 143ರಂತೆ ಒಂದು ವರ್ಷದೊಳಗೆ, ಬಂಡವಾಳ ಸರಕಾದರೆ ಮೂರು ವರ್ಷದೊಳಗೆ ಹಿಂದಕ್ಕೆ ಪಡೆಯಬೇಕು. ಹೊರರಾಜ್ಯದ ಗಿರಾಕಿ ಜಾಬ್ ವರ್ಕಿಗೆ ಕಳುಹಿಸುವಾಗ ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಅಗತ್ಯ. ನಂಗಲಿಯ ಬಳಿ ವಾಹನ ತಡೆದಾಗ “ಒಂದೇ ಹೆಡ್ಡು ಸಾರ್” ಎಂಬ ಮಾತು ಕೆಲಸಕ್ಕೆ ಬಾರದು.

8. ಲೆಕ್ಕದ ಪುಸ್ತಕದಲ್ಲಿ

ಗಿರಾಕಿಯ ಹೆಡ್ಡುಗಳು ನಮ್ಮ ದಾಸ್ತಾನಲ್ಲ. ಬ್ಯಾಲೆನ್ಸ್ ಶೀಟಿಗೆ ಬಾರವು. ಅವಕ್ಕೆ ಪ್ರತ್ಯೇಕ ರಿಜಿಸ್ಟರ್ ಇಟ್ಟು, ಬಂದ ದಿನ, ಎರಕದ ಸಂಖ್ಯೆ, ಸ್ಥಿತಿ, ಪರೀಕ್ಷಾ ಫಲ, ಹಿಂದಿರುಗಿಸಿದ ದಿನ ಮತ್ತು ಸಹಿಗಳನ್ನು ನಮೂದಿಸಬೇಕು. ಮಾರ್ಚ್ 31ರಂದು ಅರ್ಧ ಮುಗಿದ ಕೆಲಸವಿದ್ದರೆ ಅದರ ಮೇಲೆ ನಾವು ಮಾಡಿದ ವೆಚ್ಚ ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತದೆ.

ದರದಲ್ಲಿ ಸೇರಿಸಿದ ರೂ. 2,000ದ ಅಪಾಯದ ಪಾಲನ್ನು ವೆಚ್ಚವೆಂದು ಬರೆದು ಆದಾಯ ತೆರಿಗೆಯಲ್ಲಿ ಕಳೆಯಬಹುದೇ ಎಂದು ಕೆಲವರು ಕೇಳುತ್ತಾರೆ. ಮುಂದೆ ಆಗಬಹುದಾದ ನಷ್ಟಕ್ಕೆ ತೆಗೆದಿಟ್ಟ ಮೊತ್ತ ವೆಚ್ಚವಲ್ಲ. ಅದು ದರ ಹೇಳಲು ಮಾತ್ರ ಬಳಸುವ ಅಂಕಿ. ಆ ಹಣ ಲಾಭದ ಭಾಗವಾಗಿ ತೆರಿಗೆಗೆ ಒಳಪಡುತ್ತದೆ. ಆದರೆ ಅದನ್ನು ಮನೆ ಖರ್ಚಿಗೆ ಎತ್ತಿಕೊಳ್ಳದೆ ಬ್ಯಾಂಕಿನಲ್ಲಿ ಬೇರೆಯಾಗಿ ಇಡುವುದು ಜಾಣತನ. ನಷ್ಟ ನಿಜವಾಗಿ ಸಂಭವಿಸಿ, ಗಿರಾಕಿಗೆ ಪರಿಹಾರ ಕೊಟ್ಟ ವರ್ಷ, ರಸೀದಿಯ ಆಧಾರದ ಮೇಲೆ ಅದನ್ನು ವ್ಯಾಪಾರದ ವೆಚ್ಚವೆಂದು ಕಳೆಯಬಹುದು.

ಸದಸ್ಯರು ಗಮನಿಸತಕ್ಕ ಅಂಶಗಳು

(1) ಕೆಲಸ ಹಿಡಿಯುವ ಮೊದಲು ಪರೀಕ್ಷೆ, ಪರೀಕ್ಷೆಯ ಮೇಲೆ ಗಿರಾಕಿಯ ಸಹಿ.
(2) ದರಕ್ಕೆ ಲೋಹದ ತೂಕ ಆಧಾರವಲ್ಲ. ಗಂಟೆ, ಪರೀಕ್ಷೆ ಮತ್ತು ಹೊಣೆ ಆಧಾರ.
(3) ಬಳಕೆಯ ಘೋಷಣೆ, ಹಿಂದಿನ ದೋಷಗಳ ಹೇಳಿಕೆ, ಹೊಣೆಯ ಮಿತಿ, ಹಿಂದಿರುಗಿಸುವ ದಿನಾಂಕ, ಈ ನಾಲ್ಕೂ ಒಂದೇ ಪುಟದ ಕರಾರಿನಲ್ಲಿರಲಿ.
(4) ತುಂಬಿದ ದಾರಿಯನ್ನು ಮತ್ತೆ ತೆರೆಯುವುದು ದುಸ್ಸಾಧ್ಯವೆಂದು ಗಿರಾಕಿಗೆ ಮೊದಲೇ ತಿಳಿಸಿರಿ.
(5) ಚಲನ್, ಇ-ವೇ ಬಿಲ್, ರಿಜಿಸ್ಟರ್‌ಗಳನ್ನು ಅಂದಂದಿಗೆ ಪೂರೈಸಿರಿ.

ಇನ್ನು ನಮ್ಮ ಮಾಲೀಕರ ಪ್ರಶ್ನೆ. ಗಿರಾಕಿಯ ರಸೀದಿ ಇದ್ದುದರಿಂದ ಆ ಹದಿನೆಂಟು ಸಾವಿರವನ್ನು ‘ಜಾಬ್ ವರ್ಕ್ ನಷ್ಟ ಪರಿಹಾರ’ ಎಂಬ ಶೀರ್ಷಿಕೆಯಲ್ಲಿ ವ್ಯಾಪಾರದ ವೆಚ್ಚವಾಗಿ ಬರೆದೆವು. ಪುಸ್ತಕದ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಅದೇ ವಾರ ಅವರು ಒಂದು ರಿಜಿಸ್ಟರನ್ನೂ, ನೂರು ಪ್ರತಿ ಮುದ್ರಿತ ಕರಾರು ಪತ್ರವನ್ನೂ ಮಾಡಿಸಿಕೊಂಡರು. ಆ ನಂತರ ಅವರ ಲೆಕ್ಕದಲ್ಲಿ ಆ ಶೀರ್ಷಿಕೆ ಮತ್ತೆ ಒಂದು ಬಾರಿ ಮಾತ್ರ ಕಾಣಿಸಿಕೊಂಡಿದೆ. ಅಷ್ಟರಲ್ಲಿ ಅದನ್ನು ಭರಿಸುವಷ್ಟು ಹಣ ಬ್ಯಾಂಕಿನಲ್ಲಿ ಬೇರೆಯಾಗಿ ಕೂಡಿತ್ತು.